ಬೈಯಣ್ಣ ಉಣ್ಣದೆ ಬಿಟ್ಟ ನವಣೆ

ದೊಡ್ಡಪಾಲಯ್ಯ ಹೋದ ಕಾರ್ತೀಕದಲ್ಲಿ ತೀರಿಕೊಂಡ. ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು, ಕಾಫಿ ಆರಲಿ ಎಂದು ಲೋಟವನ್ನು ಜಗುಲಿಯ ಮೇಲಿಟ್ಟು ಗೋಡೆಗೆ ಒರಗಿದವನು ಅದನ್ನು ಕುಡಿಯಲಿಲ್ಲ. ಚಳ್ಳಕೆರೆಯ ಹೈಸ್ಕೂಲೊಂದರಲ್ಲಿ ಅವನು ಡ್ರಿಲ್ ಮೇಷ್ಟ್ರು, ನಾನು ಕನ್ನಡ ಮೇಷ್ಟ್ರು. ನಿವೃತ್ತಿಯವರೆಗೂ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತವರು. ಅವನ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಹಳೆಯ ವಿದ್ಯಾರ್ಥಿಗಳು ಕೇಳಿದಾಗ ನಾನು ಮೊದಲು ಬರೆದದ್ದು ‘ಸರಳ, ಸಜ್ಜನ, ಅಜಾತಶತ್ರು’ ಎಂದು. ಬರೆದು ಓದಿಕೊಂಡೆ. ಪಾಲಯ್ಯ ಇದ್ದಿದ್ದರೆ ಸೀಟಿ ಊದಿ ನನ್ನನ್ನು ಮೈದಾನದ ಸುತ್ತ ಓಡಿಸುತ್ತಿದ್ದ. ಅವನು ಸರಳನಲ್ಲ. ಸಜ್ಜನ ಹೌದು, ಆದರೆ ಅದರಿಂದ ಯಾರಿಗೂ ನೆಮ್ಮದಿ ಇರಲಿಲ್ಲ. ತಾಲ್ಲೂಕು ಕ್ರೀಡಾಕೂಟದಲ್ಲಿ ಸ್ವಂತ ತಂಗಿಯ ಮಗ ಸೀಟಿಗಿಂತ ಮೊದಲೇ ಕಾಲು ಕಿತ್ತ ಎಂದು ಅವನನ್ನು ಓಟದಿಂದ ಹೊರಗೆ ನಿಲ್ಲಿಸಿದ ಮೇಲೆ ತಂಗಿಯ ಮನೆಯವರು ವರ್ಷಗಟ್ಟಲೆ ಅವನ ಜೊತೆ ಮಾತು ಬಿಟ್ಟಿದ್ದರು. ಅಂಥವನ ಕೈಗೆ ವಂಶದ ಚರಿತ್ರೆ ಬರೆಯುವ ಕೆಲಸ ಕೊಡಬಾರದಿತ್ತು. ಕೊಟ್ಟವನು ಹುಲಿಯಪ್ಪ.

ಹುಲಿಯಪ್ಪ ಪಾಲಯ್ಯನ ದೊಡ್ಡಪ್ಪನ ಮಗ. ರಸ್ತೆ ಕಾಮಗಾರಿಯ ಕಂಟ್ರಾಕ್ಟರು. ಜಿಲ್ಲಾ ಪಂಚಾಯಿತಿಗೆ ನಿಲ್ಲುವ ಆಸೆ ಅವನಿಗೆ ಬಹಳ ಹಿಂದಿನಿಂದ ಇತ್ತು, ನಿಲ್ಲಲು ಒಂದು ವಂಶ ಬೇಕಾಗಿತ್ತು. ಪಾಲಯ್ಯನ ಬೀಳ್ಕೊಡುಗೆಯ ದಿನ ಹಾರ ಹಾಕಿ, ಅದೇ ಕೈಯಲ್ಲಿ ಕೆಲಸವನ್ನೂ ಹಚ್ಚಿದ.

“ನಮ್ಮ ಮನೆತನದ್ದೊಂದು ಪುಸ್ತಕ ಆಗಬೇಕು ಕಣಪ್ಪ. ಪ್ರಿಂಟ್ ಖರ್ಚು ನಂದು. ನೀನು ಹೆಂಗೂ ಖಾಲಿ ಕೂತಿರ್ತೀಯ.”

“ಅಣ್ಣ, ನಾನು ಡ್ರಿಲ್ ಮೇಷ್ಟ್ರು. ಬರಿಯೋದು ಇವನು,” ಎಂದು ಪಾಲಯ್ಯ ನನ್ನ ಕಡೆ ತೋರಿಸಿದ.

“ಡ್ರಿಲ್ ಮೇಷ್ಟ್ರೇ ವಾಸಿ. ಯುದ್ಧದ ವಿಷಯ ಜಾಸ್ತಿ ಬರ್ತೈತೆ.”

ಯುದ್ಧ ಯಾವುದು ಎಂದು ಕೇಳುವ ಅಗತ್ಯವಿರಲಿಲ್ಲ. ಅವರ ಮೂಲಪುರುಷ ಚಿತ್ರದುರ್ಗದ ಪಾಳೇಗಾರರ ದಳವಾಯಿಯಾಗಿದ್ದ, ಬಿಳಿ ಕುದುರೆ ಏರುತ್ತಿದ್ದ, ಅವನ ಕತ್ತಿ ಇವತ್ತಿಗೂ ಮೊಳಕಾಲ್ಮೂರಿನ ಹತ್ತಿರದ ಅವರ ಊರಿನ ಮನೆಯಲ್ಲಿದೆ, ಆಯುಧಪೂಜೆಗೆ ಕುಂಕುಮ ಇಡುತ್ತಾರೆ. ಇದು ಮನೆಯ ಮಕ್ಕಳಿಗೆಲ್ಲ ಬಾಯಿಪಾಠ. ಪಾಲಯ್ಯನ ಮೊಪೆಡ್ಡಿನ ಹಿಂದೆ ಕೂತು ನಾನೂ ಎರಡು ತಾಲ್ಲೂಕು ಸುತ್ತಿದೆ. ಸುತ್ತಿದಲ್ಲೆಲ್ಲ ದಳವಾಯಿಗಳ ಮೊಮ್ಮಕ್ಕಳು ಸಿಕ್ಕರು. ಚಹಾದಂಗಡಿಯವನ ಮುತ್ತಾತ ದಳವಾಯಿ, ಶೇಂಗಾ ಮಿಲ್ಲಿನವನ ಮುತ್ತಾತ ದಳವಾಯಿ, ಪಂಕ್ಚರ್ ಹಾಕಿದವನ ಮುತ್ತಾತ ಸ್ವಲ್ಪ ದೊಡ್ಡ ದಳವಾಯಿ. ಅಷ್ಟು ದಿನದ ಸುತ್ತಾಟದಲ್ಲಿ ಒಬ್ಬನೇ ಒಬ್ಬ ಸಾಮಾನ್ಯ ಸೈನಿಕನ ಮೊಮ್ಮಗ ನಮ್ಮ ಕಣ್ಣಿಗೆ ಬೀಳಲಿಲ್ಲ.

“ಲೇ, ಆ ಸೈನ್ಯದಾಗೆ ಹೇಳೋರೇ ಎಲ್ಲಾ. ಕೇಳೋರು ಯಾರಿದ್ರು?” ಎಂದು ಪಾಲಯ್ಯ ಕೇಳಿದ. ಸಾಲು ನಿಲ್ಲಿಸಿ ಅಭ್ಯಾಸವಾದವನಿಗೆ ಇದು ನಿಜವಾದ ಸಮಸ್ಯೆಯಾಗಿತ್ತು.

ಊರಾಚೆ ಹುಣಸೆ ಮರದ ಕೆಳಗೆ ಒಂದು ವೀರಗಲ್ಲು ಇತ್ತು. ಅದಕ್ಕೆ ನಾಲ್ಕು ಮನೆತನದವರು ಸರದಿಯ ಮೇಲೆ ಎಣ್ಣೆ ಹಚ್ಚುತ್ತಿದ್ದರು. ನಾಲ್ವರಿಗೂ ಅವನೇ ಮೂಲಪುರುಷ. ಒಬ್ಬ ವೀರನಿಗೆ ಹೋರಾಡಲು ಪುರುಸೊತ್ತು ಎಲ್ಲಿ ಸಿಕ್ಕಿತು ಎಂದು ಪಾಲಯ್ಯ ಕೇಳಿದ್ದಕ್ಕೆ ಅಲ್ಲಿದ್ದವರು ಯಾರೂ ನಗಲಿಲ್ಲ. ಇನ್ನು ಮನೆಯ ಕತ್ತಿ. ಅದರ ಮೇಲಿನ ಕುಂಕುಮ, ಅರಿಶಿನ, ಎಣ್ಣೆಯ ಜಿಡ್ಡನ್ನೆಲ್ಲ ಅವನು ಹುಣಸೆಹಣ್ಣು ಹಾಕಿ ಉಜ್ಜಿದ. ಒಳಗಿನಿಂದ ಹೊರಬಂದದ್ದು ಜಾಲಿ ಸೊಪ್ಪು ಕಡಿದು ಕುರಿಗೆ ಹಾಕುವ ಕುಡುಗೋಲು. ತುದಿಯ ಕೊಕ್ಕೆ ಮುರಿದಿತ್ತು, ಅಷ್ಟೇ.

ಹುಲಿಯಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವನು ಎದೆಗುಂದಲಿಲ್ಲ. “ಯುದ್ಧ ಇಲ್ದಿದ್ದಾಗ ಸೊಪ್ಪು ಕಡೀತಿದ್ದ ಅಂತ ಬರಿ. ಶ್ರಮಜೀವಿ ಅಂತ ಆಗ್ತೈತೆ,” ಎಂದ. ಆ ಹೊತ್ತಿಗೆ ಅವನು ಚಳ್ಳಕೆರೆಯ ಬ್ಯಾನರ್ ಅಂಗಡಿಯವನಿಂದ ಮೂಲಪುರುಷನ ಚಿತ್ರವನ್ನೂ ಮಾಡಿಸಿದ್ದ. ಮೀಸೆಗೆ ಮಾದರಿ ಬೇಕೆಂದು ತನ್ನ ಫೋಟೊ ಕೊಟ್ಟಿದ್ದನಂತೆ; ಅಂಗಡಿಯವನು ಮುಖವನ್ನೇ ಪೂರ್ತಿ ತೆಗೆದುಕೊಂಡು ಕುದುರೆಯ ಮೇಲೆ ಕೂರಿಸಿದ್ದ. ಲಗಾಮು ಹಿಡಿದ ಕೈಯಲ್ಲಿ ವಾಚು ಉಳಿದುಬಿಟ್ಟಿತ್ತು.

ಇಷ್ಟರಲ್ಲಿ ಪಾಲಯ್ಯನ ಮಗಳು ದಿವ್ಯಾಳಿಗೆ ಸಂಬಂಧ ಕೂಡಿಬಂತು. ಅವಳು ಚಳ್ಳಕೆರೆಯಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದಳು. ಹುಡುಗ ಮಹಾಂತೇಶ, ಸಿದ್ದಾಪುರದವನು, ಪಶು ಆಸ್ಪತ್ರೆಯಲ್ಲಿ ಕೆಲಸ. ಇಬ್ಬರೂ ಮೊದಲೇ ಒಬ್ಬರನ್ನೊಬ್ಬರು ಮೆಚ್ಚಿಕೊಂಡು, ಆಮೇಲೆ ಹಿರಿಯರಿಗೆ ತಾವೇ ಹುಡುಕಿದೆವು ಅನ್ನಿಸುವ ಹಾಗೆ ವಿಷಯವನ್ನು ಹೊರಗೆ ಬಿಟ್ಟಿದ್ದರು. ಬೆಡಗು ವಿಚಾರಿಸಿ ಆಗಿತ್ತು. ಬೆಡಗು ಎಂದರೆ ಕುಲದೊಳಗಿನ ಬಳ್ಳಿ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರೊಳಗೆ ಹೆಣ್ಣು ಕೊಟ್ಟು ತರುವಂತಿಲ್ಲ. ಒಂದೊಂದು ಬೆಡಗಿಗೆ ಒಂದು ಗಿಡದ್ದೋ ಕಾಳಿನದೋ ಹೆಸರು. ಹೆಸರು ಯಾವುದರದೋ ಅದನ್ನು ಆ ಬೆಡಗಿನವರು ತಿನ್ನುವುದಿಲ್ಲ, ಸುಡುವುದಿಲ್ಲ. ಪಾಲಯ್ಯನವರದು ಕಾರೆ ಬೆಡಗು. ಕಾರೆಹಣ್ಣು ಬಾಯಿಗೆ ಹಾಕುವವರಲ್ಲ. ಹುಡುಗನ ಮನೆಯವರದು ನವಣೆ ಬೆಡಗು. ಯಾವ ತೊಡಕೂ ಇರಲಿಲ್ಲ.

ವೀಳ್ಯದ ಶಾಸ್ತ್ರಕ್ಕೆ ಸಿದ್ದಾಪುರಕ್ಕೆ ಹೋದೆವು. ಸಮಯವಿದ್ದುದರಿಂದ ಪಾಲಯ್ಯ ನನ್ನನ್ನು ಅಶೋಕನ ಶಾಸನದ ಬಂಡೆಯ ಹತ್ತಿರ ಕರೆದುಕೊಂಡು ಹೋದ. ತಂದೆತಾಯಿಯ ಮಾತು ಕೇಳಬೇಕು ಎಂದು ಅದರಲ್ಲಿ ಬರೆದಿದೆ ಎಂದು ನಾನು ಹೇಳಿದೆ. ಅವನು ಕಂಬಿಯ ಆಚೆಯಿಂದ ಬಹಳ ಹೊತ್ತು ನೋಡಿದ.

“ಇಷ್ಟು ದೊಡ್ಡ ಬಂಡೆ ಸಿಕ್ಕಿದ್ರೂ ಅವ್ರ ತಾತನ ಹೆಸರು ಕೆತ್ತಿಸಿಲ್ಲ ನೋಡು. ನಮ್ಮ ಹುಲಿಯಪ್ಪಣ್ಣನ ಕೈಗೆ ಸಿಗಬೇಕಿತ್ತು ಈ ಬಂಡೆ,” ಎಂದ.

ಊಟಕ್ಕೆ ಕೂತಾಗ ಹುಡುಗನ ತಂದೆ ತಿಪ್ಪೇರುದ್ರ ಉಪಚಾರ ಮಾಡುತ್ತ, “ನಮ್ಮನೇಲಿ ನವಣೆ ಒಂದು ಬರಲ್ಲ ಕಣ್ರೀ ಬೀಗರೇ. ಅದೊಂದು ಬಿಟ್ಟು ಏನು ಬೇಕಾದ್ರೂ ಕೇಳ್ರಿ,” ಎಂದರು.

“ಅಯ್ಯೋ, ನಮ್ಮನೇಲೂ ನವಣೆ ಸೇರಿಸಲ್ಲ ಬಿಡ್ರಿ,” ಎಂದಳು ಪಾಲಯ್ಯನ ಹೆಂಡತಿ ಲಕ್ಷ್ಮಕ್ಕ. “ನಾನು ಮದುವೆಯಾಗಿ ಬಂದ ದಿನಾನೇ ನಮ್ಮತ್ತೆ ಹೇಳಿಬಿಟ್ಟಿದ್ರು, ಮನೆ ಒಳಗೆ ನವಣೆ ತರಬ್ಯಾಡ ಅಂತ.”

“ನೋಡ್ರಿ ಮತ್ತೆ. ಹುಡುಗಿಗೆ ಅಡುಗೆಮನೆ ಹೊಸದು ಅನ್ಸೋದೇ ಇಲ್ಲ,” ಎಂದು ತಿಪ್ಪೇರುದ್ರ ಸಂತೋಷಪಟ್ಟರು. ಎಲ್ಲರೂ ಸಂತೋಷಪಟ್ಟರು. ಪಾಲಯ್ಯ ಮಾತ್ರ ಅಗಿಯುವುದನ್ನು ನಿಲ್ಲಿಸಿದ್ದ. ಆಟದಲ್ಲಿ ಯಾರೋ ಗೆರೆ ದಾಟಿದ್ದನ್ನು ಕಂಡಾಗ ಅವನ ಕತ್ತು ಹೀಗೆ ನಿಂತುಬಿಡುತ್ತಿತ್ತು.

ಮರಳಿ ಬರುವಾಗ ಮೊಪೆಡ್ಡಿನ ಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ. “ನಾವು ಕಾರೆಯೋರು. ನಾವ್ಯಾಕೆ ನವಣೆ ಬಿಟ್ವಿ?”

“ಯಾರಿಗೋ ಹೊಟ್ಟೆಗೆ ಆಗಿರಲಿಕ್ಕಿಲ್ಲ,” ಎಂದೆ.

“ಇಡೀ ವಂಶಕ್ಕಾ?”

ಮದುವೆ ಮುಗಿಯುವವರೆಗೆ ಈ ಪ್ರಶ್ನೆಯನ್ನು ಬದಿಗಿಡು ಎಂದು ನಾನು ಹೇಳಿದೆ. ಲಕ್ಷ್ಮಕ್ಕ ಇನ್ನೂ ಚೆನ್ನಾಗಿ ಹೇಳಿದಳು. ಅವನು ಕೇಳಲಿಲ್ಲ. ಗೌರಸಮುದ್ರದ ಕಡೆ ಮಗನ ಮನೆಯಲ್ಲಿದ್ದ ಸೋದರತ್ತೆ ಕೆಂಚಕ್ಕನ ಹತ್ತಿರ ಹೋದ. ಜೊತೆಗೆ ನಾನು. ಕೆಂಚಕ್ಕನಿಗೆ ತೊಂಬತ್ತರ ಹತ್ತಿರ. ಕಣ್ಣು ಮಂಜು. ಎಲೆಅಡಿಕೆಯನ್ನು ಕುಟ್ಟಿಕೊಂಡು ಹಾಕಿಕೊಳ್ಳುವುದು, ಸೊಸೆಯನ್ನು ಬೈಯುವುದು, ಎರಡಕ್ಕೂ ಕಲ್ಲು ಕೈಯಲ್ಲೇ ಇತ್ತು.

“ಅತ್ತೆ, ನಮ್ಮನೇಲಿ ನವಣೆ ಯಾಕೆ ತಿನ್ನಲ್ಲ?”

“ಏಮಿರಾ, ಈಗ ಬಂತಾ ಬುದ್ಧಿ?” ಎಂದು ಅವಳು ನಕ್ಕಳು. “ಬೈಯಣ್ಣ ತಿನ್ನಲಿಲ್ಲ, ಅದಕ್ಕೆ.”

ಅವಳು ಹೇಳಿದ್ದು ಇಷ್ಟು. ಕಾರೆ ಬೆಡಗಿನ ಆ ಮನೆಯಲ್ಲಿ ಒಂದು ಕಾಲಕ್ಕೆ ಗಂಡು ಸಂತಾನವಿರಲಿಲ್ಲ. ಬೋರವ್ವ ಒಬ್ಬಳೇ ಮಗಳು. ಅವಳ ಅಪ್ಪ ಸಿದ್ದಾಪುರದ ಕಡೆಯಿಂದ ಕುರಿ ಹೊಡೆದುಕೊಂಡು ಬಂದಿದ್ದ ಬೈಯಣ್ಣನನ್ನು ಇಲ್ಲಟಂ ಇಟ್ಟುಕೊಂಡ, ಅಂದರೆ ಮನೆಅಳಿಯ ಮಾಡಿಕೊಂಡ. ಕುರಿಯ ಗೊರಸು ಕೊಳೆತರೆ ವಾಸಿ ಮಾಡುವುದು ಅವನಿಗೆ ಗೊತ್ತಿತ್ತು, ಅಳಿಯನಾಗಲು ಅಷ್ಟು ಸಾಕಾಗಿತ್ತು. ಅವನದು ನವಣೆ ಬೆಡಗು. ಮನೆಅಳಿಯ ಬಂದವನು ತನ್ನ ಬೆಡಗು ಬಿಟ್ಟು ಹೆಂಡತಿಯ ಬೆಡಗಿಗೆ ಸೇರಬೇಕು. ಸೇರಬೇಕಾದರೆ ಮದುವೆಯ ದಿನ, ಹಿರಿಯರ ಎದುರಿಗೆ, ತನ್ನ ಕುಲ ಯಾವುದನ್ನು ತಿನ್ನುವುದಿಲ್ಲವೋ ಅದನ್ನು ಉಣ್ಣಬೇಕು. ಬೈಯಣ್ಣನಿಗೂ ನವಣೆ ಅನ್ನ ಬಡಿಸಿದರು.

“ಬಾಯಿಗೆ ಹಾಕ್ಕೊಂಡ. ದವಡೇಲಿ ಇಟ್ಕೊಂಡ. ಕೈ ತೊಳಿಯಕ್ಕೆ ಅಂತ ಎದ್ದು ಹೋಗಿ ಕುರಿ ರೊಪ್ಪದ ಹಿಂದೆ ಉಗುಳಿಬಿಟ್ಟ. ಕಂಡೋಳು ಬೋರವ್ವ ಒಬ್ಬಳೇ. ಅವ್ನು ಅಳ್ತಾ ನಿಂತಿದ್ನಂತೆ. ಅಪ್ಪಗೆ ಹೇಳಲಿಲ್ಲ ಅವಳು. ಇನ್ನು ಇವ್ನ ಕಣ್ಣಿಗೆ ನವಣೆ ಬೀಳಬಾರದು ಅಂತ ಒಲೆ ಮೇಲೆ ಏರಿಸಲೇ ಇಲ್ಲ. ಸೊಸೇಗೂ ಹೇಳಿದ್ಲು, ಏರಿಸಬ್ಯಾಡ ಅಂತ. ಹಂಗೇ ಬಂತು.”

“ಗಂಡಸರಿಗೆ ಯಾಕೆ ಹೇಳಲಿಲ್ಲ ಅತ್ತೆ?”

“ಕೇಳಿದ್ರೇನೋ? ಅವ್ರಿಗೆ ಕುದುರೆ ಬೇಕಾಗಿತ್ತು.”

ದಳವಾಯಿ ಎಲ್ಲಿಂದ ಬಂದ ಎಂದು ಕೇಳಿದೆವು. ಹುಲಿಯಪ್ಪನ ಅಪ್ಪ ಒಂದು ಸಲ ನಾಟಕದಲ್ಲಿ ದಳವಾಯಿಯ ಪಾರ್ಟು ಮಾಡಿದ್ದನಂತೆ. ಆ ವೇಷ ಮನೆಯಲ್ಲಿ ಬಹಳ ದಿನ ಗೂಟಕ್ಕೆ ನೇತಾಡಿತ್ತು.

ನಾನು ಹೊರಗೆ ಬಂದು ಖುಷಿಯಿಂದ, ಇಷ್ಟು ಚೆಂದದ ಕಥೆ ಯಾವ ದಳವಾಯಿಯ ಮನೆಯಲ್ಲೂ ಇರಲಾರದು ಎಂದೆ. ಪಾಲಯ್ಯ ಮೊಪೆಡ್ಡನ್ನು ಚಾಲೂ ಮಾಡದೆ ಹಿಡಿದುಕೊಂಡೇ ನಿಂತಿದ್ದ.

“ಲೇ, ಬೈಯಣ್ಣ ಉಗುಳಿದ ಅಂದ್ರೆ ಬೆಡಗು ಬಿಡಲಿಲ್ಲ ಅಂತ ಆತು. ಅವ್ನು ನವಣೆಯೋನೇ ಆದ್ರೆ ನಾನೂ ನವಣೆಯೋನೇ. ತಿಪ್ಪೇರುದ್ರಪ್ಪ ನನಗೆ ಅಣ್ಣತಮ್ಮ ಆಗ್ತಾನೆ. ದಿವ್ಯಾಗೆ ಆ ಹುಡುಗ ಅಣ್ಣ ಆಗ್ತಾನೆ.”

ಆಗ ನನಗೆ ಅರ್ಥವಾಯಿತು. ಲಗ್ನಪತ್ರಿಕೆ ಅಚ್ಚಿಗೆ ಹೋಗಿತ್ತು.

ಅವನು ಸುಮ್ಮನಿದ್ದಿದ್ದರೆ ಕೆಂಚಕ್ಕನ ಜೊತೆಗೇ ಆ ಮಾತು ಮುಗಿದುಹೋಗುತ್ತಿತ್ತು. ಆದರೆ ಗೆರೆಗೆ ಕಾಲು ತಾಗಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅದೇ ದಿನ ಮನೆಯವರಿಗೆ ಹೇಳಿದ. ಲಕ್ಷ್ಮಕ್ಕ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಕೂತಳು.

“ಪಿಂಚಣಿ ಬಂದ ಮೇಲೆ ಗಂಡಸರು ತೀರ್ಥಯಾತ್ರೆ ಮಾಡ್ತಾರೆ, ಚೀಟಿ ಹಾಕ್ತಾರೆ. ನೀವು ಮಗಳ ಮದುವೆ ಮುರಿಯಕ್ಕೆ ಹಿರಿಯರನ್ನ ಹುಡುಕ್ಕೊಂಡು ಹೋದ್ರಾ?”

ದಿವ್ಯಾ ಅಪ್ಪನ ಎದುರಿಗೆ ನಿಂತು ಹೇಳಿದ್ದು ನನಗೆ ನೆನಪಿದೆ. “ಸತ್ಯ ಮುಖ್ಯ, ನನ್ನ ಮದುವೆ ಹೋದ್ರೆ ಹೋಗ್ಲಿ ಅಂತ ನಾನು ಹೇಳಲ್ಲ ಅಪ್ಪಾ. ನನಗೆ ಅವನೇ ಬೇಕು. ದಿನಾ ರಕ್ತ ನೋಡ್ತೀನಿ ನಾನು. ಅದರಾಗೆ ನವಣೆ ಇಲ್ಲ, ಕಾರೆನೂ ಇಲ್ಲ.”

“ಗೊತ್ತು ಕಣವ್ವ,” ಎಂದ ಪಾಲಯ್ಯ. “ಆದ್ರೆ ನಾಳೆ ಬೇರೆಯೋರು ಹೇಳಿದ್ರೆ ಆ ಮನೇಲಿ ನೀನು ತಲೆ ತಗ್ಗಿಸ್ಬೇಕಾಗ್ತೈತೆ. ಕೆಂಚತ್ತೆ ಬಾಯಿ ಇನ್ನೂ ಗಟ್ಟಿ ಐತೆ. ನಾವೇ ಹೇಳಿ ಬಗೆಹರಿಸ್ಕೊಳ್ಳೋಣ.”

ತಿಪ್ಪೇರುದ್ರರಿಗೂ ಹೇಳಿದ. ಅವರು ಕೋಪ ಮಾಡಿಕೊಳ್ಳಲಿಲ್ಲ. ಹೆಗಲ ಮೇಲಿನ ಟವಲನ್ನು ತೆಗೆದು ಮಡಿಲಲ್ಲಿಟ್ಟುಕೊಂಡು, “ಇದನ್ನ ಮದುವೆ ಆದಮೇಲೆ ಕಂಡುಹಿಡಿದಿದ್ರೆ ಏನಾಗ್ತಿತ್ತು ಮೇಷ್ಟ್ರೆ? ಇಷ್ಟು ವರ್ಷ ಕಾದಿತ್ತು, ಇನ್ನೆರಡು ತಿಂಗಳು ಕಾಯ್ತಿರಲಿಲ್ವಾ?” ಎಂದರು.

ಹುಲಿಯಪ್ಪನಿಗೆ ಮದುವೆಯ ಚಿಂತೆ ಇರಲಿಲ್ಲ. “ಮನೆಅಳಿಯ ಅಂತ ಪುಸ್ತಕದಾಗೆ ಹಾಕ್ತೀಯಾ? ಹೆಂಡತಿ ಮನೆ ಅನ್ನ ತಿಂದೋನ ವಂಶ ಅಂತ ಎದುರಿನ ಪಾರ್ಟಿಯೋರು ಮೈಕ್ ಕಟ್ಟಿ ಹೇಳಲ್ವಾ?”

“ಅನ್ನ ತಿನ್ನಲಿಲ್ಲ ಅಣ್ಣ. ಅದೇ ಈಗ ತೊಂದರೆ ಆಗಿರೋದು,” ಎಂದ ಪಾಲಯ್ಯ.

ಕಡೆಗೆ ವಿಷಯ ಕಟ್ಟೆಮನೆಗೆ ಹೋಯಿತು. ಕುಲದ ವ್ಯಾಜ್ಯಗಳನ್ನು ಹಿರಿಯರು ಕೂತು ತೀರ್ಮಾನಿಸುವ ಜಾಗ ಅದು, ಯಜಮಾನ ಗಾದ್ರಪ್ಪ. ಬೆಳಗಿನ ಬಿಸಿಲಿಗೆ ಒಳ ಅಂಗಳದಲ್ಲಿ ಕಂಬಳಿ ಹಾಸಿ ಎಲ್ಲರೂ ಕೂತರು. ಎರಡು ಮನೆಯವರು ಎರಡು ಕಡೆ. ಕೆಂಚಕ್ಕನನ್ನು ಆಟೊದಲ್ಲಿ ಕರೆತಂದು ಬಾಗಿಲ ಹೊರಗೆ ಕೂರಿಸಿದ್ದರು. ಸಾಕ್ಷಿ ಅವಳೇ ಆದರೂ ಹೆಂಗಸು ಕಂಬಳಿಯ ಮೇಲೆ ಕೂರುವಂತಿರಲಿಲ್ಲ, ಆದ್ದರಿಂದ ಪ್ರತಿಯೊಂದು ಪ್ರಶ್ನೆಯನ್ನೂ ಹೊಸಿಲಿನ ಆಚೆಗೆ ಕೂಗಿ ಹೇಳಬೇಕಾಗಿತ್ತು. ಇಂಗ್ಲಿಷರ ಕಾಲಕ್ಕಿಂತ ಹಿಂದೆ ಒಬ್ಬ ಕುರಿಗಾಹಿ ಮಾಡಿದ ಊಟದ ಮೇಲೆ ಅವತ್ತು ಮಧ್ಯಾಹ್ನದವರೆಗೆ ವಿಚಾರಣೆ ನಡೆಯಿತು.

“ಬೈಯಣ್ಣ ನವಣೆ ಉಂಡನೋ ಇಲ್ವೋ, ಮೊದ್ಲು ಅದು ಇತ್ಯರ್ಥ ಆಗ್ಲಿ,” ಎಂದರು ಗಾದ್ರಪ್ಪ.

“ಬಾಯಿಗೆ ಹಾಕ್ಕೊಂಡಿದ್ದ,” ಎಂದರು ಹುಡುಗಿ ಕಡೆಯ ಒಬ್ಬರು. “ಬಾಯಿಗೆ ಹೋತು ಅಂದ್ರೆ ಉಂಡಂಗೆ ಲೆಕ್ಕ.”

“ಗಂಟಲು ಇಳೀಬೇಕಪ್ಪಾ. ನಾನು ಎಲೆಅಡಿಕೆ ಬಾಯಿಗೆ ಹಾಕ್ಕೊತೀನಿ, ಉಂಡಂಗಾತಾ?” ಎಂದರು ಕಟ್ಟೆಮನೆಯ ಹಿರಿಯರೊಬ್ಬರು.

“ರಸ ಇಳಿದಿರ್ತೈತಲ್ಲ?”

“ರಸಕ್ಕೆ ಬೆಡಗು ಹೋಗಲ್ಲ.”

“ಕೆಂಚಕ್ಕಾ,” ಎಂದು ಗಾದ್ರಪ್ಪ ಹೊಸಿಲಿನಾಚೆ ಕೂಗಿದರು, “ಪೂರ್ತಿ ಉಗುಳಿದ್ನೋ, ಸ್ವಲ್ಪ ಉಗುಳಿದ್ನೋ?”

“ನಾನೇನು ರೊಪ್ಪದ ಹಿಂದೆ ನಿಂತಿದ್ನೇನೋ ಗಾದ್ರಿ? ಉಗುಳಿದ ಅಂತ ನಮ್ಮಜ್ಜಿ ಹೇಳಿದ್ಲು. ಅಳೆದು ನೋಡಿದ್ಲು ಅಂತ ಹೇಳಲಿಲ್ಲ.”

ಅರ್ಧ ಉಂಡಿದ್ದರೆ ಅರ್ಧ ಕಾರೆ, ಅರ್ಧ ನವಣೆ ಆಗುತ್ತದೆ, ಹಾಗಾದರೆ ಮದುವೆಯನ್ನೂ ಅರ್ಧ ಮಾಡಬಹುದೇ ಎಂದು ಹಿಂದಿನಿಂದ ಯಾರೋ ಗೊಣಗಿದರು. ಗಾದ್ರಪ್ಪ ತಿರುಗಿ ನೋಡಿದ ಮೇಲೆ ನಗು ನಿಂತಿತು. ಅವರು ತೀರ್ಮಾನ ಹೇಳಿದರು. ಬೈಯಣ್ಣ ಉಣ್ಣಲಿಲ್ಲ. ಆ ಮನೆ ಇವತ್ತಿನವರೆಗೆ ನವಣೆ ತಿನ್ನದಿರುವುದೇ ಅದಕ್ಕೆ ಸಾಕ್ಷಿ. ಈ ಸ್ಥಿತಿಯಲ್ಲಿ ಸಂಬಂಧ ಕೂಡದು. ಆದರೆ ಹಿರಿಯ ಬಾಕಿ ಉಳಿಸಿದ ಶಾಸ್ತ್ರವನ್ನು ಕಿರಿಯರು ತೀರಿಸಬಹುದು. ಕಾರೆ ಬೆಡಗಿನ ಆ ಮನೆತನದ ಗಂಡಸರೆಲ್ಲ ಇಲ್ಲೇ, ಎಲ್ಲರೆದುರು, ಬೈಯಣ್ಣನ ಪರವಾಗಿ ನವಣೆ ಉಂಡರೆ ಅವನು ಇವತ್ತಿಗೆ ಹೆಂಡತಿಯ ಬೆಡಗಿಗೆ ಸೇರಿದ ಹಾಗೆ. ಆಮೇಲೆ ಮದುವೆಗೆ ಅಡ್ಡಿಯಿಲ್ಲ.

ಹುಡುಗಿ ಕಡೆಯವರು ಉಸಿರು ಬಿಟ್ಟರು. ಪಾಲಯ್ಯ ಎದ್ದು ನಿಂತ. ಇವನು ಇನ್ನು ಯಾವ ಗೆರೆ ನೋಡಿದನೋ ಎಂದುಕೊಂಡೆ.

“ಉಣ್ತೀನಿ ಯಜಮಾನ್ರೆ. ಆದ್ರೆ ಹೆಂಡತಿ ಬೆಡಗು ಅಂತ ಬಾಯಿಮಾತಿಗೆ ಅಂದ್ರೆ ಆಗಲ್ಲ. ಹಂಗಾದ್ರೆ ನಮ್ಮ ವಂಶ ಶುರುವಾಗೋದು ಬೋರವ್ವನಿಂದ. ಎಡೆ ಇಡುವಾಗ ಹಿರಿಯರ ಹೆಸರು ಕೂಗ್ತೀವಲ್ಲ, ಅಲ್ಲಿ ಮೊದ್ಲು ಅವಳ ಹೆಸರು ಬರಬೇಕು. ಅದನ್ನ ಇಲ್ಲೇ ಹೇಳಿಬಿಡ್ರಿ.”

ಕಂಬಳಿಯ ಮೇಲೆ ಗುಜುಗುಜು ಎದ್ದಿತು. ಹಿರಿಯರ ಸಾಲಿನಲ್ಲಿ ಹೆಣ್ಣಿನ ಹೆಸರು ಮೊದಲು ಬಂದ ಉದಾಹರಣೆ ಇರಲಿಲ್ಲ. ಹುಲಿಯಪ್ಪ, “ಲೇ ಪಾಲಯ್ಯ, ಮದುವೆ ಆಗ್ತೈತಲ್ಲ, ಸುಮ್ನೆ ಉಣ್ಣೋ,” ಎಂದು ಅವನ ಪಂಚೆ ಜಗ್ಗಿದ.

“ಬೋರವ್ವನ ಬಳ್ಳಿ ಅಲ್ಲ ಅಂದ್ರೆ ಬೈಯಣ್ಣನ ಬಳ್ಳಿ ಅಣ್ಣ. ಆಗ ನಾವು ನವಣೆ, ಮದುವೆ ಇಲ್ಲ. ಮಧ್ಯದಾಗೆ ಕುದುರೆ ನಿಲ್ಸಕ್ಕೆ ಜಾಗ ಇಲ್ಲ.”

ಗಾದ್ರಪ್ಪ ಬಹಳ ಹೊತ್ತು ಮೀಸೆ ತಿರುವಿದರು. ಇದರಿಂದ ಹೊರಬರುವ ದಾರಿ ಹುಡುಕಿದರು ಎಂದು ಕಾಣುತ್ತದೆ, ಸಿಗಲಿಲ್ಲ. “ಬೋರವ್ವನ ಹೆಸರೇ ಮೊದ್ಲು,” ಎಂದು ಹೇಳಿ, ನವಣೆ ಬೇಯಿಸಲು ತಮ್ಮ ಸೊಸೆಗೆ ಹೇಳಿಕಳಿಸಿದರು.

ಬಿಸಿ ನವಣೆ ಅನ್ನ, ಮೇಲೆ ಬೆಲ್ಲ. ಕಾರೆ ಬೆಡಗಿನ ಗಂಡಸರನ್ನು ಪಾಲಯ್ಯನೇ ಸಾಲಾಗಿ ಕೂರಿಸಿದ, ಎತ್ತರದ ಪ್ರಕಾರ; ಕೈ ಅಭ್ಯಾಸ. ತಿಪ್ಪೇರುದ್ರ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತರು. ಅವರ ಕುಲಕ್ಕೆ ದೇವರಾದದ್ದನ್ನು ಬೀಗರು ತಿನ್ನುವುದನ್ನು ನೋಡಬೇಕಲ್ಲ. ಸಾಲಿನಲ್ಲಿ ಒಬ್ಬೊಬ್ಬರ ಮುಖ ಒಂದೊಂದು ಥರ ಆಯಿತು. ಒಬ್ಬ ಕಣ್ಣು ಮುಚ್ಚಿ ಔಷಧಿ ಕುಡಿದ ಹಾಗೆ ನುಂಗಿದ. ಹುಲಿಯಪ್ಪ ಮೊದಲ ತುತ್ತಿಗೆ ಓಕರಿಸಿದ, ಎರಡನೆಯದಕ್ಕೆ ಸುಮ್ಮನಾದ, ಆಮೇಲೆ ಬೆಲ್ಲ ಇನ್ನೊಂದಿಷ್ಟು ಹಾಕಿಸಿಕೊಂಡ. ಗಾದ್ರಪ್ಪ ಒಬ್ಬೊಬ್ಬರ ಬಾಯನ್ನೂ ತೆರೆಸಿ ದವಡೆ ನೋಡಿದರು. ಹಿಂದೆ ಒಮ್ಮೆ ಮೋಸ ಹೋಗಿದ್ದೇವೆ ಎಂದರು.

ಪಾಲಯ್ಯ ಕೊನೆಗೆ ಉಂಡ. ತುತ್ತನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತನೆಂದರೆ ಲಕ್ಷ್ಮಕ್ಕ ಬಾಗಿಲ ಹೊರಗಿನಿಂದ ಇಣುಕಿ ನೋಡಿದಳು. ಆಮೇಲೆ ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿದ.

ಹಿಂದಿರುಗುವಾಗ ರಾಂಪುರ ದಾಟಿದ ಮೇಲೆ ನಾನೇ, ಗೆದ್ದೆಯಲ್ಲ ಎಂದೆ.

“ಮನೆಮಠ ಬಿಟ್ಟು ಬಂದೋನು ಅದೊಂದನ್ನ ಬಿಡದೆ ಇಟ್ಕೊಂಡಿದ್ದ. ಅವಳು ಅದನ್ನ ಕಾಪಾಡಿ ಕೊಟ್ಟಿದ್ಲು. ಇವತ್ತು ನಾನು ನುಂಗಿಬಿಟ್ಟೆ ಕಣಲೇ,” ಎಂದ. ಸ್ವಲ್ಪ ದೂರ ಹೋದ ಮೇಲೆ, “ರುಚಿಯಾಗೇ ಐತೆ. ಅದು ಇನ್ನೂ ಬೇಜಾರು,” ಎಂದ.

ಮದುವೆ ಆಯಿತು. ಹುಲಿಯಪ್ಪ ಪುಸ್ತಕದ ಖರ್ಚಿನಿಂದ ಹಿಂದೆ ಸರಿದ. ಪಾಲಯ್ಯ ತಾನೇ ಒಂದು ತೆಳ್ಳಗಿನ ಪುಸ್ತಕ ಮಾಡಿಸಿ ಮದುವೆಗೆ ಬಂದವರಿಗೆ ಹಂಚಿದ. ‘ಬೋರವ್ವನ ಮನೆಯವರು’ ಎಂದು ಹೆಸರು. ನಾನು ವಾಕ್ಯಗಳನ್ನು ತಿದ್ದಿದ್ದೆ. ಅವನು ನಾನು ಸೇರಿಸಿದ ವಿಶೇಷಣಗಳನ್ನೆಲ್ಲ ಹೊಡೆದುಹಾಕಿದ್ದ. ಬಂದವರು ತಮ್ಮ ಹೆಸರಿದ್ದ ಪುಟವನ್ನು ಮಾತ್ರ ಓದಿದರು, ಹೆಸರಿಲ್ಲದವರು ಪುಸ್ತಕ ಸರಿಯಿಲ್ಲ ಎಂದರು. ಹುಲಿಯಪ್ಪ ಜಿಲ್ಲಾ ಪಂಚಾಯಿತಿಯ ಚುನಾವಣೆ ಯಾವಾಗ ಆಗುತ್ತದೆ ಎಂದು ಕಾಯುತ್ತಲೇ ಇದ್ದಾನೆ. ಬ್ಯಾನರಿನಲ್ಲಿ ಕುದುರೆ ಇನ್ನೂ ಇದೆ.

ಈ ವರ್ಷದ ಮಹಾಲಯಕ್ಕೆ ಊರಿನ ಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟರು. ಪಾಲಯ್ಯ ಹೋದ ಮೇಲೆ ಮೊದಲನೆಯದು. ಲಕ್ಷ್ಮಕ್ಕ ನನ್ನನ್ನೂ ಕರೆದಿದ್ದಳು. ದಿವ್ಯಾ, ಮಹಾಂತೇಶ ಬಂದಿದ್ದರು. ದೊಡ್ಡವನಾದ್ದರಿಂದ ಹೆಸರು ಕೂಗುವುದು ಹುಲಿಯಪ್ಪನ ಕೆಲಸ. ಕರ್ಪೂರ ಹಚ್ಚಿ, ಕೈಮುಗಿದು, ಅವನು ಬೈಯಣ್ಣನಿಂದ ಶುರು ಮಾಡಿದ.

“ಮೊದ್ಲಿಂದ ಹೇಳ್ರಿ ಭಾವ,” ಎಂದಳು ಲಕ್ಷ್ಮಕ್ಕ.

“ಮೊದ್ಲಿಂದಾನೇ ಹೇಳ್ತಿದೀನಲ್ಲಮ್ಮ.”

“ಇಲ್ಲ. ಇನ್ನೊಂದು ಐತೆ. ಅದು ಹೇಳದಿದ್ರೆ ಈ ಇಬ್ಬರೂ ಅಣ್ಣತಂಗಿ ಆಗ್ತಾರೆ.”

ಮಹಾಂತೇಶ ತಲೆ ತಗ್ಗಿಸಿ ನಗು ಅಡಗಿಸಿಕೊಂಡ. ಹುಲಿಯಪ್ಪ ಒಮ್ಮೆ ಎಲ್ಲರ ಮುಖ ನೋಡಿದ, ಕೆಮ್ಮಿದ, ಬೋರವ್ವ ಎಂದ. ಬಾಗಿಲಿನಲ್ಲಿ ನಿಂತಿದ್ದವರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿಸಿದಳು ಲಕ್ಷ್ಮಕ್ಕ. ಆಮೇಲೆ ಬೈಯಣ್ಣ, ಅವನ ಮಕ್ಕಳು, ಅವರ ಮಕ್ಕಳು. ಸಾಲು ಇಳಿಯುತ್ತ ಬಂತು. ಕೊನೆಯ ಹೆಸರಿಗೆ ಬಂದಾಗ ಹುಲಿಯಪ್ಪನ ದನಿ ಒಡೆದು, ದೊಡ್ಡಪಾಲಯ್ಯ ಅನ್ನುವುದು ಅರ್ಧ ಮಾತ್ರ ಕೇಳಿಸಿತು. ಲಕ್ಷ್ಮಕ್ಕ ಅದನ್ನು ತಿದ್ದಲಿಲ್ಲ.